ದಾಳಿಂಬೆಯ ಕಲೆ

ದಾಳಿಂಬೆ ತಿಂದರೆ ರಕ್ತ ಹೆಚ್ಚುತ್ತದೆ, ಎದೆ ಗಟ್ಟಿಯಾಗುತ್ತದೆ, ಮುಖಕ್ಕೆ ಕಳೆ ಬರುತ್ತದೆ ಎಂದು ನಾದಿನಿ ಫೋನಿನಲ್ಲಿ ಹೇಳಿದ್ದೇ ತಡ, ಲಾಂಡ್ರಿಯವಳು ಗಂಡನ ಬೆನ್ನು ಹತ್ತಿದಳು. ಟೈಲರ್ ಗಂಡ ಈಚೆಗೆ ಕಡ್ಡಿಯಂತಾಗಿದ್ದ. ದಿನಾ ಬೆಳಿಗ್ಗೆ ಬಟ್ಟಲು ತುಂಬ ಕಾಳು ಬಿಡಿಸಿ ಅವನ ಮುಂದಿಡುತ್ತಿದ್ದಳು.

"ಇದೇನೇ, ತಿನ್ನೋಕ್ಕೋ, ರವಿಕೆಗೆ ಪೋಣಿಸೋಕ್ಕೋ?" ಎಂದು ಅವನು ನಗುತ್ತಿದ್ದ.

ದಾಳಿಂಬೆ ಫಲ ಕೊಟ್ಟಿತೆಂದೇ ಅವಳು ನಂಬಿದಳು. ಹಿತ್ತಲಲ್ಲಿ ಒಗೆಯುತ್ತಿದ್ದರೆ, ಮುಂದಿನ ಕೋಣೆಯ ಹೊಲಿಗೆ ಯಂತ್ರ ಆಗಾಗ ಇದ್ದಕ್ಕಿದ್ದಂತೆ ಜೋರಾಗಿ ಓಡುವುದು ಕೇಳುತ್ತಿತ್ತು. ಮೈಗೆ ಶಕ್ತಿ ಬಂತಲ್ಲ ಎಂದು ಹಿಗ್ಗುತ್ತಿದ್ದಳು, ಪೆದ್ದಿ.

ಇವತ್ತು ಅವನ ಅಂಗಿಯ ಜೇಬಿನಲ್ಲಿ ಮುದುಡಿದ ಕರವಸ್ತ್ರ ಸಿಕ್ಕಿತು. ಬಿಡಿಸಿದರೆ ಕೆಂಪು. ಹಾಗೇ ಹಿಡಿದುಕೊಂಡು ಮುಂದಿನ ಕೋಣೆಗೆ ಓಡಿದಳು.

"ರೀ, ಇದೇನಿದು?"

"ದಾಳಿಂಬೆ ಕಣೇ. ಬಾಯಿ ಒರೆಸ್ಕೊಂಡೆ. ದಿನಾ ಬಾಯಿಗೆ ತುರುಕೋಳು ನೀನೇ ಅಲ್ವಾ?" ಎಂದ. ಮುಖ ಮಾತ್ರ ಎತ್ತಲಿಲ್ಲ.

ನಂಬಬೇಕೆಂದು ಅವಳಿಗೆ ತುಂಬ ಆಸೆಯಿತ್ತು. ಆದರೆ ಅವಳ ಕೈ ಕಾಣದ ಕಲೆಯಿಲ್ಲ. ದಾಳಿಂಬೆಯದು ಮಹಾ ಹಟಮಾರಿ. ಸೋಪು ತಾಗಿದರೆ ಕಪ್ಪಿಟ್ಟು ಕೂರುತ್ತದೆ, ಜಪ್ಪಯ್ಯ ಎಂದರೂ ಜಗ್ಗುವುದಿಲ್ಲ. ರಕ್ತ ಹಾಗಲ್ಲ. ಹಸಿಯಾಗಿದ್ದರೆ ತಣ್ಣೀರಿಗೇ ಬಿಟ್ಟುಕೊಡುತ್ತದೆ.

ಹಿತ್ತಲಿಗೆ ಬಂದು ಬಕೆಟ್ಟಿಗೆ ತಣ್ಣೀರು ಹಿಡಿದಳು. ಕರವಸ್ತ್ರ ಅದ್ದಿದಳು. ಇಷ್ಟು ವರ್ಷ ಕಂಡ ಕಂಡ ಕಲೆಗೆಲ್ಲ ತೊಲಗು ಎಂದು ಶಾಪ ಹಾಕಿದವಳು ಇವತ್ತು ಒಂದು ಕಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅಂಗಲಾಚಿದಳು: "ಹೋಗ್ಬೇಡ, ನಿನ್ನ ದಮ್ಮಯ್ಯ. ಇಲ್ಲೇ ಇರು."

ನೀರು ಮೆಲ್ಲಗೆ ಕೆಂಪಾಯಿತು.

ಅಷ್ಟರಲ್ಲಿ ಯಂತ್ರ ಮತ್ತೆ ಜೋರಾಗಿ ಓಡತೊಡಗಿತು. ಈ ಸಲ ಅವಳು ಕಿವಿಗೊಟ್ಟು ಕೇಳಿದಳು. ಆ ಸದ್ದಿನ ಅಡಿಯಲ್ಲಿ ಅವನು ಕೆಮ್ಮುತ್ತಿದ್ದ.

ಹಿಂಡಿದ ಕರವಸ್ತ್ರವನ್ನು ತಂದು ಯಂತ್ರದ ಮೇಲೆ ಹರಡಿದಳು. ಅಚ್ಚ ಬಿಳುಪಾಗಿತ್ತು. ಅವನ ಕಾಲು ಪೆಡಲಿನ ಮೇಲೆ ನಿಂತುಬಿಟ್ಟಿತು.

"ಹೋಯ್ತಾ?"

"ತಣ್ಣೀರಲ್ಲೇ ಹೋಯ್ತು ರೀ."

ಲಾಂಡ್ರಿಯವಳ ಗಂಡನಿಗೆ ಇನ್ನೇನೂ ಬಿಡಿಸಿ ಹೇಳಬೇಕಿರಲಿಲ್ಲ. ಒದ್ದೆ ಬಟ್ಟೆಯನ್ನು ಅವನು ಸವರುತ್ತ ಕೂತ.

"ಡಾಕ್ಟ್ರು ಏನಂತಾರೋ ಅಂತ ಭಯ ಕಣೇ ನಂಗೆ."

"ನಂಗೂ ಭಯಾನೇ," ಎಂದಳು. "ಚಪ್ಪಲಿ ಹಾಕ್ಕೊಳ್ಳಿ."