ಒಂದೇ ಒಂದು ಜಾಲಿ

ಮಲ್ಲೇಶಪ್ಪನವರಿಗೆ ಬಾಯಿ ಕೊಟ್ಟ ದೇವರು ಅದಕ್ಕೊಂದು ಚಿಲಕ ಹಾಕುವುದನ್ನು ಮರೆತಿದ್ದ. ಇಲ್ಲದಿದ್ದರೆ ಕೊಕ್ಕನೂರಿನ ಕಟ್ಟೆಯ ಮೇಲೆ, ಊರಿನ ಹಿರಿಯರ ಎದುರಿಗೆ, ಒಡಹುಟ್ಟಿದ ತಂಗಿಗೆ ಅಂಥ ಮಾತು ಕೊಟ್ಟು ಮೂರೆಕರೆ ಕೆಂಪು ಮಣ್ಣಿನ ಮಸಾರಿ ಹೊಲವನ್ನು ಪಣಕ್ಕಿಡುತ್ತಿರಲಿಲ್ಲ.

ಹೊಲ ಅಪ್ಪನ ಕಾಲದ್ದು. ಮಲ್ಲೇಶಪ್ಪನವರು ಶಾಮನೂರಿನ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿ ದಾವಣಗೆರೆಯವರಾಗಿ ಆರು ವರ್ಷ ಕಳೆದಿತ್ತು. ಹೊಲ ಬಿಟ್ಟರೂ ರೈತ ಅನ್ನುವ ಹೆಸರನ್ನು ಮಾತ್ರ ಅವರು ಬಿಟ್ಟಿರಲಿಲ್ಲ. ಸಭೆಗಳಲ್ಲಿ ವೇದಿಕೆ ಹತ್ತುವುದಕ್ಕೆ ಅದು ಬೇಕಿತ್ತು. ವಾರಕ್ಕೆರಡು ಕಡೆ ಕೃಷಿಯ ಬಗ್ಗೆ ಭಾಷಣ ಮಾಡುವವರಿಗೆ ಕೃಷಿ ಮಾಡಲು ಪುರಸೊತ್ತು ಎಲ್ಲಿಂದ ಬರಬೇಕು? ಹೀಗಾಗಿ ಹೊಲ ಬೀಳು ಬಿತ್ತು. ಬೀಳು ಬಿದ್ದ ಹೊಲಕ್ಕೆ ಬಳ್ಳಾರಿ ಜಾಲಿ ಯಾರ ಅಪ್ಪಣೆಯನ್ನೂ ಕೇಳದೆ ನುಗ್ಗಿತು.

ಅವರ ತಂಗಿ ಕೊಟ್ರವ್ವ ಕೊಕ್ಕನೂರಿನಲ್ಲೇ ಇದ್ದಳು. ಗಂಡ ಗುತ್ತೂರಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದ, ಇವಳು ಕಂಡವರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳು. ಅಣ್ಣ ಊರು ಬಿಟ್ಟ ವರ್ಷವೇ ಅವಳು ಕೇಳಿದ್ದಳು. "ಅಣ್ಣ, ಹೊಲ ಬೀಳು ಬಿಡಬ್ಯಾಡ. ನನಗೆ ಪಾಲಿಗೆ ಕೊಡು. ಬಂದಿದ್ದರಾಗೆ ಅರ್ಧ ನಿನ್ನ ಮನಿಗೆ ತಂದು ಹಾಕ್ತೀನಿ."

ಮಲ್ಲೇಶಪ್ಪನವರು ದೂರಾಲೋಚನೆಯ ಮನುಷ್ಯ. ಇವತ್ತು ಕುಡುಗೋಲು ಹಿಡಿದು ಬರುವ ಹೆಣ್ಣುಮಗಳು ನಾಳೆ ಪಹಣಿಯಲ್ಲಿ ಹೆಸರು ಕೇಳುತ್ತಾಳೆ ಎಂದು ಲೆಕ್ಕ ಹಾಕಿ, "ಬರೋ ವರ್ಷ ನೋಡಾನ ತಡಿ" ಅಂದರು. ಆ ಬರೋ ವರ್ಷ ಆರು ಸಲ ಬಂತು. ಜಾಲಿ ಆಳೆತ್ತರವಾಯಿತು, ಒಂದರ ಮೈಗೊಂದು ಹೆಣೆದುಕೊಂಡಿತು, ಹಂದಿಗಳು ಅದರೊಳಗೆ ಸಂಸಾರ ಹೂಡಿದವು. ತಂಗಿಗೆ ಕೊಡದ ಹೊಲವನ್ನು ಹಂದಿಗೆ ಕೊಟ್ಟದ್ದರ ಬಗ್ಗೆ ಅವರಿಗೆ ಬೇಸರವೇನೂ ಇರಲಿಲ್ಲ. ಹಂದಿ ಪಹಣಿ ಕೇಳುವುದಿಲ್ಲವಲ್ಲ.

ಕಳೆದ ದೀಪಾವಳಿಗೆ ಊರಿಗೆ ಬಂದಾಗ ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದರು. ಕೊಟ್ರವ್ವ ಅಲ್ಲಿಗೇ ಬಂದು ಕೇಳಿಬಿಟ್ಟಳು.

"ಅಣ್ಣ, ಹೊಲಕ್ಕೆ ಈಗ ದನ ಸೈತ ಕಾಲಿಡಂಗಿಲ್ಲ. ಇನ್ನಾದ್ರೂ ಕೊಡ್ತೀಯೋ ಇಲ್ಲೋ?"

ಯಾರೋ ಕಿಸಕ್ಕನೆ ನಕ್ಕರು. ಆ ನಗು ಮಲ್ಲೇಶಪ್ಪನವರ ನೆತ್ತಿಗೇರಿತು. ಎದ್ದು ನಿಂತು ಹೆಗಲ ಮೇಲಿನ ಟವಲ್ ಸರಿಮಾಡಿಕೊಂಡರು. ಅವರು ಟವಲ್ ಸರಿಮಾಡಿಕೊಂಡರೆ ಭಾಷಣ ಬರುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು.

"ಎಲ್ಲಾರೂ ಕೇಳ್ರಿ. ಮೃಗಶಿರ ಮಳೆ ಹುಟ್ಟೋ ದಿನ ನನ್ನ ಹೊಲಕ್ಕೆ ಬರ್ರಿ. ಒಂದೇ ಒಂದು ಜಾಲಿ ಕಂಡ್ರೂ ಹೊಲ ಕೊಟ್ರವ್ವಂದು. ಪಾಲಿಗಲ್ಲ, ಪಹಣಿ ಸಮೇತ!"

"ಮಾತು ಅಂದ್ರೆ ಹಿಂಗಿರಬೇಕು ನೋಡ್ರಿ. ನಾವೆಲ್ಲ ಸಾಕ್ಷಿ" ಅಂದ ಪಂಚಾಯ್ತಿ ಮೆಂಬರು ಪರಶುರಾಮ್. ಕೊಟ್ರವ್ವ ಬೆರಳು ಮಡಿಸಿ ಎಷ್ಟು ತಿಂಗಳು ಉಳಿದಿವೆ ಎಂದು ಎಣಿಸಿಕೊಂಡು ಕೂಲಿಗೆ ಹೋದಳು.

ಮನೆಗೆ ಬಂದು ಹೇಳಿದಾಗ ಹೆಂಡತಿ ಪ್ರೇಮಲತಾ ಟೀವಿಯಿಂದ ಕಣ್ಣು ತೆಗೆಯದೆ ಅಂದರು, "ಕೊಟ್ಟೇ ಬಿಡ್ರಿ ಅತ್ಲಾಗೆ. ನೀವು ಆ ಹೊಲ ತುಳಿದು ಎಷ್ಟು ವರ್ಷ ಆತು?"

"ಕೊಡೋದು ಬ್ಯಾರೆ, ಸೋಲೋದು ಬ್ಯಾರೆ" ಅಂದರು ಮಲ್ಲೇಶಪ್ಪನವರು.

ಯುದ್ಧ ಶುರುವಾಯಿತು. ಮೊದಲು ಆಳುಗಳನ್ನಿಟ್ಟು ಎಲ್ಲವನ್ನೂ ಬುಡಕ್ಕೆ ಕಡಿಸಿದರು. ಜಾಲಿ ಅದನ್ನು ಕ್ಷೌರ ಅಂದುಕೊಂಡಿತು. ತಿಂಗಳೊಪ್ಪತ್ತಿನಲ್ಲಿ ಒಂದೊಂದು ಬೊಡ್ಡೆಯಿಂದ ಐದೈದು ಚಿಗುರು ಎದ್ದು ನಿಂತವು. ಬೊಡ್ಡೆಗೆ ಉಪ್ಪು ಹಾಕಿದರೆ ಸುಟ್ಟುಹೋಗುತ್ತದೆ ಎಂದು ವಾಟ್ಸಾಪಿನಲ್ಲಿ ಬಂತು. ಮಂಡಿಪೇಟೆಯಿಂದ ಹರಳುಪ್ಪಿನ ಮೂಟೆಗಳು ಬಂದವು. ಮರುದಿನ ಬೆಳಗ್ಗೆ ನೋಡಿದರೆ ಊರ ದನಗಳೆಲ್ಲ ಬೊಡ್ಡೆಗೊಂದರಂತೆ ನಿಂತು ಹಬ್ಬದೂಟದ ಹಾಗೆ ಉಪ್ಪು ನೆಕ್ಕುತ್ತಿದ್ದವು. ಆ ವಾರ ಕೊಕ್ಕನೂರಿನಲ್ಲಿ ಹಾಲು ಹೆಚ್ಚಾಯಿತಂತೆ. ಜಾಲಿಯೂ ಹೆಚ್ಚಾಯಿತು.

ಕೊನೆಗೆ ಗುತ್ತೂರಿನಿಂದ ಜೆಸಿಬಿ ಬಂತು. ಐದು ದಿನ ಹೊಲವನ್ನು ಅಗೆದು, ಬಗೆದು, ಬೇರು ಸಮೇತ ಕಿತ್ತು ಬದುವಿಗೆ ಹಾಕಿತು. ಇದ್ದಿಲು ಸುಡುವವರು ಬಂದು ಬೊಡ್ಡೆಗಳನ್ನು ಹೇರಿಕೊಂಡು ಹೋದರು. ಯುಗಾದಿಯ ಹೊತ್ತಿಗೆ ಹೊಲ ಬೋಳು ತಲೆಯ ಹಾಗೆ ಫಳಫಳ ಹೊಳೆಯಿತು. ನಿಜ ಹೇಳಬೇಕೆಂದರೆ ಅವತ್ತು ಮಲ್ಲೇಶಪ್ಪನವರು ಗೆದ್ದಿದ್ದರು. ಅಲ್ಲಿಗೇ ಕೈ ತೊಳೆದುಕೊಂಡು ಸುಮ್ಮನೆ ಮನೆಯಲ್ಲಿ ಕೂತಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ.

ಆದರೆ ಗೆದ್ದವರು ಎಲ್ಲಿ ಸುಮ್ಮನಿರುತ್ತಾರೆ? ಶಾಮನೂರಿನಲ್ಲಿ "ಜಾಲಿ ಗೆದ್ದ ರೈತ" ಎಂದು ಫ್ಲೆಕ್ಸ್ ಎದ್ದಿತು. ಬಳಗವೊಂದು ಕರೆದು ಶಾಲು ಹೊದಿಸಿತು. ಮಲ್ಲೇಶಪ್ಪನವರು ಒಂದೂವರೆ ತಾಸು ಮಾತಾಡಿದರು. ಕೊನೆಗೆ ಸಭಿಕರಲ್ಲೊಬ್ಬ ಮುದುಕ ಎದ್ದು ಕೇಳಿದ, "ಜೆಸಿಬಿ ಮೇಲ್ಮಣ್ಣೆಲ್ಲ ಕೆಳಗೆ ಮಾಡಿರುತ್ತಲ್ರೀ. ಸಾರ ಎಲ್ಲಿ ಉಳೀತು? ಏನ್ ಬೆಳಿತೀರಿ ಅದರಾಗೆ?"

ಆ ಪ್ರಶ್ನೆ ಮುಳ್ಳಿನ ಹಾಗೆ ಚುಚ್ಚಿತು. ಬರೀ ಜಾಲಿ ತೆಗೆದರೆ ಸಾಲದು, ಅಲ್ಲಿ ಮೆಕ್ಕೆಜೋಳ ಆಳೆತ್ತರ ನಿಂತು ತೂಗಬೇಕು, ಮುದುಕನನ್ನು ಕಾರಿನಲ್ಲಿ ಕರೆದೊಯ್ದು ತೋರಿಸಬೇಕು ಎಂದು ಹಟ ಹುಟ್ಟಿತು.

ಸಾರಕ್ಕೆ ನಮ್ಮ ಕಡೆ ಹಳೆಯ ದಾರಿಯೊಂದಿದೆ. ಬೇಸಿಗೆಯಲ್ಲಿ ಕುರಿಮಂದೆಯನ್ನು ಕರೆಸಿ ಕೆಲವು ರಾತ್ರಿ ಹೊಲದಲ್ಲಿ ನಿಲ್ಲಿಸುತ್ತಾರೆ. ಕುರಿ ಹಗಲೆಲ್ಲ ಎಲ್ಲೋ ಮೇಯ್ದು ಬಂದು ರಾತ್ರಿ ಇಲ್ಲಿ ಮಲಗುತ್ತವೆ. ಹಿಕ್ಕೆ, ಗಂಜಲ ಎಲ್ಲ ಹೊಲಕ್ಕೆ. ಅದರ ಮುಂದೆ ಅಂಗಡಿಯ ಗೊಬ್ಬರ ಏನೇನೂ ಅಲ್ಲ. ಮಲ್ಲೇಶಪ್ಪನವರು ಕುರಿಗಾರ ಜಂಬಯ್ಯನಿಗೆ ಹೇಳಿ ಕಳಿಸಿದರು. ಮುನ್ನೂರು ಕುರಿ ಬಂದಿಳಿದವು. ಒಂದೊಂದು ರಾತ್ರಿ ಒಂದೊಂದು ತುಂಡು ಜಾಗದಂತೆ ಹನ್ನೆರಡು ದಿನದಲ್ಲಿ ಮೂರೆಕರೆಯನ್ನೂ ಅವು ಮುಗಿಸಬೇಕಿತ್ತು.

ಮಂದೆ ಬಂದ ದಿನ ಕೊಟ್ರವ್ವ ಬುತ್ತಿ ಹಿಡಿದು ಆ ದಾರಿಯಲ್ಲೇ ಕೂಲಿಗೆ ಹೊರಟಿದ್ದಳು. ನಿಂತು ನೋಡಿದಳು.

"ಅಣ್ಣ, ಈ ಕುರಿ ಹಗಲು ಎಲ್ಲಿ ಮೇಯ್ತಾವೆ ಅಂತ ಕೇಳಿದ್ಯಾ?"

"ನಿನಗ್ಯಾಕವ್ವ ಅದರ ಚಿಂತಿ? ಎಲ್ಲಾದ್ರೂ ಮೇಯಲಿ, ಹಿಕ್ಕಿ ನನ್ನ ಹೊಲಕ್ಕೆ ಬಿದ್ರೆ ಸಾಕು" ಅಂದರು ಮಲ್ಲೇಶಪ್ಪನವರು. ಅವಳು ಅತ್ತ ಹೋದಮೇಲೆ, ಪಾಪ, ಹೊಟ್ಟೆಕಿಚ್ಚು ಅಂದುಕೊಂಡರು. ಆದರೂ ಮನಸ್ಸು ತಡೆಯದೆ ಜಂಬಯ್ಯನನ್ನು ಕೇಳಿದರು.

"ಬ್ಯಾಸಿಗಿ ಐತಲ್ರೀ ಮಲ್ಲೇಶಪ್ಪೋರೆ" ಅಂದ ಜಂಬಯ್ಯ. "ಹೊಳಿ ದಂಡಿಗೆ ಜಾಲಿ ಕಾಯಿ ಬಿಟ್ರೆ ಬ್ಯಾರೆ ಏನೈತೆ? ನೆಲದ ತುಂಬ ಉದುರ್ಯಾವೆ. ತಿಂದು ತಿಂದು ಹೆಂಗ್ ಮೈ ತುಂಬ್ಯಾವೆ ನೋಡ್ರಿ!"

ಮಲ್ಲೇಶಪ್ಪನವರು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಅವರ ಮುಖ ಅರಳಿತು. ಜಾಲಿಯ ಕಾಯನ್ನೇ ಕುರಿಯ ಹೊಟ್ಟೆಯಲ್ಲಿ ಅರೆಸಿ, ಜಾಲಿ ಕಿತ್ತ ಹೊಲಕ್ಕೇ ಗೊಬ್ಬರ ಮಾಡುವುದು! ವೈರಿಯನ್ನು ಇದಕ್ಕಿಂತ ಚೆನ್ನಾಗಿ ಯಾರು ತಾನೆ ಮುಗಿಸಿಯಾರು? ಮುಂದಿನ ಸಭೆಯಲ್ಲಿ ಇದನ್ನು ಹೇಳಲೇಬೇಕು ಎಂದು ಡೈರಿಯಲ್ಲಿ ಬರೆದುಕೊಂಡರು. ಸಭೆಯಲ್ಲಿ ಹೇಳಿದರು ಕೂಡ. ಜೋರು ಚಪ್ಪಾಳೆ ಬಿತ್ತು. ಕುರಿ ಕಾಯಿಯನ್ನು ಅರಗಿಸಿಕೊಳ್ಳುತ್ತದೆಯೇ ಹೊರತು ಒಳಗಿನ ಬೀಜವನ್ನಲ್ಲ ಎಂಬುದು ಕೊಕ್ಕನೂರಿನಲ್ಲಿ ಕುರಿ ಕಂಡ ಯಾರನ್ನು ಕೇಳಿದರೂ ಗೊತ್ತಾಗುತ್ತಿತ್ತು. ಆದರೆ ಕೇಳುವುದು ಭಾಷಣಕಾರರ ಕೆಲಸವಲ್ಲ.

ರೋಹಿಣಿ ಮಳೆ ಆ ವರ್ಷ ಚೆನ್ನಾಗಿ ಬಿತ್ತು. ಮಲ್ಲೇಶಪ್ಪನವರು ಶಾಮನೂರಿನ ಮನೆಯ ಬಾಲ್ಕನಿಯಲ್ಲಿ ಕೂತು ಮಳೆ ನೋಡಿ ಖುಷಿಪಟ್ಟರು. ಹದವಾದ ನೆಲ, ಬೆಚ್ಚಗಿನ ಹಿಕ್ಕೆ, ಹದಿನೈದು ದಿನದ ಬಿಸಿಲು ಮಳೆ. ಬೀಜಕ್ಕೆ ಇನ್ನೇನು ಬೇಕು?

ಮೃಗಶಿರ ಹುಟ್ಟಿದ ದಿನ ಅವರು ಬಿಳಿ ಪಂಚೆ ಉಟ್ಟು, ಬೀಜ ಬಿತ್ತುವ ಕೂರಿಗೆಯ ಪೂಜೆಗೆ ತೆಂಗಿನಕಾಯಿ ಹಿಡಿದು, ಪರಶುರಾಮನನ್ನೂ ಮೂವರು ಹಿರಿಯರನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೊಲಕ್ಕೆ ಬಂದರು. ದೂರದಿಂದಲೇ ಹೊಲ ಹಸಿರು ಹಾಸಿದ ಹಾಗೆ ಕಂಡಿತು.

"ಗರಿಕೆ ಎದ್ದೈತೆ. ಸಾರ ಅಂದ್ರೆ ಇದು" ಅಂದರು ಮಲ್ಲೇಶಪ್ಪನವರು.

ಕಾರಿನಿಂದ ಇಳಿದು ಬದು ಹತ್ತಿದರು. ಅದು ಗರಿಕೆಯಾಗಿರಲಿಲ್ಲ. ಮುನ್ನೂರು ಕುರಿ ಹನ್ನೆರಡು ರಾತ್ರಿ ಎಲ್ಲೆಲ್ಲಿ ಮಲಗಿದ್ದವೋ ಅಲ್ಲೆಲ್ಲ ಬೆರಳುದ್ದದ ಜಾಲಿ ಸಸಿಗಳು ಒತ್ತೊತ್ತಾಗಿ, ಒಂದೇ ಸಮನಾಗಿ, ಯಾರೋ ಮುತುವರ್ಜಿಯಿಂದ ಬಿತ್ತಿ ನೀರು ಬಿಟ್ಟ ಹಾಗೆ ನಿಂತಿದ್ದವು. ಒಂದೊಂದು ಹಿಕ್ಕೆಯಿಂದ ಎರಡು ಮೂರು. ಒಂದು ಮಾರಿನಷ್ಟು ಜಾಗದಲ್ಲೇ ಎಣಿಸಲಾಗದಷ್ಟು. ಆರು ವರ್ಷದ ಬೀಳಿನಲ್ಲೂ ಇಷ್ಟು ಜಾಲಿ ಇರಲಿಲ್ಲ.

ಮಲ್ಲೇಶಪ್ಪನವರ ಕಣ್ಣೆದುರೇ ಪಣಕ್ಕಿಟ್ಟ ಹೊಲ ಕೈ ಜಾರಿತ್ತು.

ಕೊಟ್ರವ್ವ ಆಗಲೇ ಹೊಲದಲ್ಲಿದ್ದಳು. ಜೊತೆಗೆ ಉಡಚಮ್ಮ, ಹಂಪವ್ವ, ಇನ್ನೂ ಐದಾರು ಹೆಂಗಸರು. ಸಾಲು ಹಿಡಿದು ಕುಕ್ಕರುಗಾಲಿನಲ್ಲಿ ಕೂತು ಸಸಿ ಕೀಳುತ್ತಾ ಬರುತ್ತಿದ್ದರು. ಪಂಚರು ಬರುವ ತನಕ ಅವರು ಕಾದಿರಲಿಲ್ಲ.

ಪರಶುರಾಮ್ ಗಂಟಲು ಸರಿಮಾಡಿಕೊಂಡ. ಅವನು ಮಲ್ಲೇಶಪ್ಪನವರ ಕಾರಿನಲ್ಲಿ ಬಂದಿದ್ದ, ಅದೇ ಕಾರಿನಲ್ಲಿ ವಾಪಸ್ ಹೋಗಬೇಕಿತ್ತು. "ನೋಡ್ರಿ, ಹಳೇ ಜಾಲಿ ಅಂತೂ ಒಂದೂ ಇಲ್ಲ. ಇವು ಕುರಿ ಮಾಡಿದ ತಪ್ಪು. ಮಲ್ಲೇಶಪ್ಪಣ್ಣಂಗೆ ಇನ್ನೊಂದು ಮಳಿ ಟೈಮ್ ಕೊಡಾನ. ಆರಿದ್ರಾ ಮಳಿಗೆ ಬಂದು ನೋಡಾನ, ಏನಂತೀರಿ?" ಹಿರಿಯರು ಮೂವರೂ ಒಟ್ಟಿಗೆ ತಲೆಯಾಡಿಸಿದರು.

ಕೊಟ್ರವ್ವ ಎದ್ದು ನಿಂತಳು. ಕೈ ಮೊಣಕೈವರೆಗೂ ಕೆಸರು. ಒಂದು ಸಸಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದಳು. ಹಸಿ ನೆಲದಿಂದ ಅದು ಸಲೀಸಾಗಿ, ಬೇರು ಸಮೇತ ಬಂತು. ಅದನ್ನು ಪಂಚರಿಗಲ್ಲ, ಅಣ್ಣನಿಗೆ ತೋರಿಸಿದಳು.

"ಇವತ್ತು ಎಲ್ಡು ಬೆರಳಿಗೆ ಬರುತ್ತೆ. ಆರಿದ್ರಾಕ್ಕೆ ಬರಂಗಿಲ್ಲ, ಗುದ್ದಲಿ ಬೇಕು. ಬರೋ ವರ್ಷಕ್ಕೆ ಜೆಸಿಬಿ ಬೇಕು." ದನಿ ಏರಿರಲಿಲ್ಲ, ಆದರೆ ಕಣ್ಣು ತುಂಬಿದ್ದವು. "ನಾನು ಮೊದಲನೇ ಸಲ ಕೇಳಿದಾಗ್ಲೂ ಜಾಲಿ ಇಷ್ಟೇ ಎತ್ತರ ಇದ್ವು ಅಣ್ಣ. ಇಷ್ಟೇ ಇದ್ವು."

ಮಲ್ಲೇಶಪ್ಪನವರಿಗೆ ನಾಚಿಕೆಯಾಯಿತು. ಫ್ಲೆಕ್ಸ್ ಕಟ್ಟಿಸಿಕೊಂಡಾಗ ಆಗಬೇಕಿದ್ದ ನಾಚಿಕೆ, ಶಾಲು ಹೊದ್ದಾಗ ಆಗಬೇಕಿದ್ದ ನಾಚಿಕೆ, ಎಲ್ಲ ಸೇರಿ ಒಟ್ಟಿಗೇ ಆಯಿತು. ಆರು ವರ್ಷ ತಾವು ಹೊಲ ಕಾಪಾಡಿದ್ದು ಜಾಲಿಯಿಂದಲ್ಲ, ತಂಗಿಯಿಂದ ಎಂಬುದು ಮೊದಲ ಬಾರಿಗೆ ಅವರಿಗೇ ಅರ್ಥವಾಯಿತು.

ಆದರೆ ಅಭ್ಯಾಸ ಅಷ್ಟು ಬೇಗ ಹೋಗುತ್ತದೆಯೇ? ಅವರು ಹೊಲದ ನಡುವೆ ನಿಂತು ದನಿ ಏರಿಸಿದರು.

"ಪರಶುರಾಮ್, ಟೈಮ್ ಗೀಮ್ ಬ್ಯಾಡ. ನಾನು ಆಡಿದ ಮಾತಿಗೆ ತಪ್ಪೋನಲ್ಲ. ನಾಳೆ ಸೋಮವಾರ ಹರಿಹರದ ತಾಲೂಕು ಆಫೀಸಿಗೆ ಹೋಗಾನ, ಪಹಣಿಗೆ ಕೊಟ್ರವ್ವನ ಹೆಸರು ಬರಬೇಕು. ಈ ಮಲ್ಲೇಶಪ್ಪ ಒಡಹುಟ್ಟಿದೋಳಿಗೆ ಹೊಲ ಕೊಟ್ಟ ಅಂತ ನಾಕು ಊರಾಗೆ..."

ಚಪ್ಪಾಳೆಗಾಗಿ ಒಂದು ಕ್ಷಣ ನಿಂತರು. ಯಾರೂ ತಟ್ಟಲಿಲ್ಲ. ಹೆಂಗಸರ ಕೈಗಳಿಗೆ ಬಿಡುವಿರಲಿಲ್ಲ.

"ಆತು ಬಿಡಣ್ಣ" ಅಂದಳು ಕೊಟ್ರವ್ವ, ಆಗಲೇ ಕೂತು ಮುಂದಿನ ಸಸಿಗೆ ಕೈ ಹಾಕುತ್ತಾ. "ಮಾತಾಡ್ತಾ ನಿಂತ್ಕಂಡು ನಿನ್ನ ಕಾಲ್ಬುಡದವು ಹಂಗೇ ಬಿಟ್ಟಿ ನೋಡು. ಕೀಳು."

ಮಲ್ಲೇಶಪ್ಪನವರು ಪಂಚೆ ಎತ್ತಿ ಕಟ್ಟಿ ತಂಗಿಯ ಪಕ್ಕದ ಸಾಲಿನಲ್ಲಿ ಕೂತರು.