ಮುಳ್ಳಿಗೆ ಹಿಡಿದ ಉಪವಾಸ

ನಾನು ಒಂದು ತೂಕದ ಯಂತ್ರ. ಹುಟ್ಟಿದ ಕೂಡಲೇ ನನ್ನನ್ನು ತುಳಿದರು. ಕೊಲ್ಹಾಪುರದ ಒಂದು ತಗಡಿನ ಶೆಡ್ಡಿನಲ್ಲಿ ನನ್ನ ಹೊಟ್ಟೆಯೊಳಗೆ ಸ್ಪ್ರಿಂಗು ಕೂರಿಸಿ, ಬೆನ್ನಿಗೆ ಕಪ್ಪು ರಬ್ಬರು ಹೊದಿಸಿ, ಗಾಜಿನ ಕೆಳಗೆ ಕೆಂಪು ಮುಳ್ಳು ಸಿಕ್ಕಿಸಿದ ಕೆಲಸಗಾರ ಚಪ್ಪಲಿ ಕೂಡ ಬಿಚ್ಚದೆ ನನ್ನ ಮೇಲೆ ಹತ್ತಿ ನಿಂತ. ಮುಳ್ಳು ಓಡಿತು, ನಡುಗಿತು, ನಿಂತಿತು. ಅವನು ಇಳಿದ. ಮುಳ್ಳು ಬಂದ ದಾರಿಯಲ್ಲೇ ಹಿಂದಕ್ಕೆ ಬಂತು. ಆಮೇಲೆ ನನ್ನ ಬದುಕಿನಲ್ಲಿ ನಡೆದದ್ದೆಲ್ಲ ಹೆಚ್ಚುಕಡಿಮೆ ಇದೇ. ಯಾರೋ ಬರುತ್ತಾರೆ, ನನ್ನೊಳಗೆಲ್ಲ ಅಲುಗಿಸುತ್ತಾರೆ, ಒಂದು ಅಂಕಿ ಓದಿಕೊಂಡು ಹೋಗುತ್ತಾರೆ.

ನನಗೆ ಚೆನ್ನಾಗಿ ಗೊತ್ತಿರುವುದು ಅಂಗಾಲುಗಳು. ಮುಖ ಕಾಣುವುದು ಅವರು ಬಗ್ಗಿ ಅಂಕಿ ನೋಡುವಾಗ ಮಾತ್ರ. ಆ ಹೊತ್ತಿನಲ್ಲಿ ಯಾರ ಮುಖವೂ ಚೆನ್ನಾಗಿರುವುದಿಲ್ಲ.

ಮೊದಲು ನನ್ನನ್ನು ಕೊಂಡವರು ಜಮಖಂಡಿಯ ಬಸ್ ನಿಲ್ದಾಣದ ಎದುರು ಔಷಧಿ ಅಂಗಡಿ ಇಟ್ಟವರು. ಮೆಟ್ಟಿಲ ಪಕ್ಕದಲ್ಲಿ ನನ್ನ ಜಾಗ. ಧೂಳು, ಹಾರ್ನು, ಬಸ್ಸು ತಪ್ಪಿದವರ ಬೈಗುಳ. ಶಾಲೆ ಬಿಟ್ಟ ಮೇಲೆ ಹುಡುಗ ಹುಡುಗಿಯರು ಬರುತ್ತಿದ್ದರು. ಒಂದು ಕೈಯಲ್ಲಿ ಕುರುಕಲಿನ ಪೊಟ್ಟಣ, ಮಸಾಲೆ ಹತ್ತಿ ಕೆಂಪಾದ ಬೆರಳು. ಸಣಕಲ ದಪ್ಪಗಾಗಬೇಕೆಂದು ಹತ್ತುತ್ತಿದ್ದ, ದಪ್ಪಗಿದ್ದವಳು ಸಣ್ಣಗಾಗಬೇಕೆಂದು ಹತ್ತುತ್ತಿದ್ದಳು. ಇದ್ದಷ್ಟೇ ಇರಲಿ ಎಂದು ಹತ್ತಿದವರನ್ನು ನಾನು ಕಾಣಲಿಲ್ಲ. ಅವರ ಹೆಗಲ ಚೀಲದಲ್ಲಿ ಬೆಳಗ್ಗೆ ಮನೆಯಿಂದ ಕಟ್ಟಿಕೊಟ್ಟ ಡಬ್ಬಿ ತೆರೆಯದೆ ಹಾಗೇ ಇರುತ್ತಿತ್ತು. ಅದನ್ನೂ ಸೇರಿಸಿ ನಾನು ತೂಕ ಹೇಳುತ್ತಿದ್ದೆ. ರೊಟ್ಟಿ ಹೊಟ್ಟೆಯೊಳಗಿದ್ದರೂ ನನಗೆ ಅಷ್ಟೇ, ಬೆನ್ನ ಮೇಲಿದ್ದರೂ ಅಷ್ಟೇ. ಎಷ್ಟು ಎಂದು ಹೇಳಬಲ್ಲೆ. ಏನು ಎಂದು ಹೇಳಲು ನನಗೆ ಬರುವುದಿಲ್ಲ. ಈ ಮಾತು ನನ್ನನ್ನು ಆಗಿನಿಂದಲೂ ಕೊರೆಯುತ್ತಿದೆ.

ಅಂಗಡಿಯವರು ಒಂದು ದಿನ ಮಾತಾಡುವ ಹೊಸ ಯಂತ್ರ ತಂದರು. ನನ್ನ ಪಕ್ಕೆಯ ಮೇಲೆ ತೀರಿಹೋದ ತಮ್ಮ ತಂದೆಯ ಹೆಸರನ್ನು ಬಿಳಿ ಬಣ್ಣದಲ್ಲಿ ಬರೆಸಿ, ಊರಾಚೆಯ ಹೈಸ್ಕೂಲಿಗೆ ದಾನ ಕೊಟ್ಟರು.

ಅಲ್ಲಿ ನನ್ನನ್ನು ಆಟದ ಸಾಮಾನಿನ ಕೋಣೆಯಲ್ಲಿ ಇಟ್ಟರು. ಗೋಡೆಯಾಚೆ ಬಿಸಿಯೂಟದ ಅಡುಗೆಮನೆ. ಹನ್ನೊಂದರ ಹೊತ್ತಿಗೆ ಒಗ್ಗರಣೆಯ ಘಾಟು ಒಳಗೆ ಬಂದು, ಗಾಳಿ ಹೋದ ವಾಲಿಬಾಲುಗಳ ರಬ್ಬರು ವಾಸನೆಯ ಜೊತೆ ಕೂಡಿಕೊಳ್ಳುತ್ತಿತ್ತು. ಕೋಣೆಯ ಯಜಮಾನರು ಪಿ.ಟಿ. ಮೇಷ್ಟ್ರು ಹಳಿಂಗಳಿ ಸರ್. ಮನುಷ್ಯ ಕೆಟ್ಟವರಲ್ಲ, ಬಲು ಅವಸರದವರು. ಈ ಕಡೆ ಕುಸ್ತಿಯೆಂದರೆ ಊರೇ ಎದ್ದು ಬರುತ್ತದೆ. ಗರಡಿಗೆ ಹೋಗುವ ಹುಡುಗರಿಗೆ ಮನೆಯಲ್ಲಿ ಹಾಲು, ಬದಾಮಿ, ತುಪ್ಪದ ಖುರಾಕು. ಹುಡುಗಿಯರ ಕುಸ್ತಿಗೆ ಶಾಲೆಗೆ ಒಂದು ನೀಲಿ ಮ್ಯಾಟು ಬಂದಿತ್ತು. ಖುರಾಕಿನ ವಿಚಾರ ಯಾರೂ ಎತ್ತಿರಲಿಲ್ಲ.

ನೀಲಗಂಗಾ ಎಂಬ ಒಂಬತ್ತನೆಯ ತರಗತಿಯ ಹುಡುಗಿಯನ್ನು ನಾನು ನೋಡಿದ್ದು ಅಲ್ಲಿ. ಎಲ್ಲರೂ ಗಂಗಿ ಎನ್ನುತ್ತಿದ್ದರು. ಅಗಲವಾದ ಪಾದ, ನೆಲವನ್ನು ಹಿಡಿದುಕೊಳ್ಳುವಂಥ ಬೆರಳು. ಅವಳು ಹತ್ತಿದರೆ ನನ್ನ ಮುಳ್ಳು ಒಂದೇ ನೆಗೆತಕ್ಕೆ ಹೋಗಿ ನಿಲ್ಲುತ್ತಿತ್ತು. ಅವಳ ಗೆಳತಿ ರೇಷ್ಮಾ ಕೂಡ ಕುಸ್ತಿಯವಳೇ, ಆದರೆ ಕಡ್ಡಿಯಂಥವಳು. ಗಂಗಿ ಅವಳನ್ನು ಹೆಗಲ ಮೇಲೆ ಹೊತ್ತುಕೊಂಡು ಮೈದಾನ ಸುತ್ತುತ್ತಿದ್ದಳು. ರೇಷ್ಮಾ ಮೇಲಿನಿಂದಲೇ ಬಸ್ ಕಂಡಕ್ಟರನಂತೆ ಊರುಗಳ ಹೆಸರು ಕೂಗುತ್ತಿದ್ದಳು.

ಜಿಲ್ಲಾ ಕುಸ್ತಿಗೆ ಬಾಗಲಕೋಟೆಗೆ ತಂಡ ಹೋಗಬೇಕಿತ್ತು. ಗಂಗಿ ಬರುತ್ತಿದ್ದ ನಲವತ್ತೊಂಬತ್ತು ಕೆ.ಜಿ. ಗಟದಲ್ಲಿ, ಎಂದರೆ ಆ ತೂಕದವರ ಗುಂಪಿನಲ್ಲಿ, ಹತ್ತನೆಯ ತರಗತಿಯ ಹುಡುಗಿಯೊಬ್ಬಳ ಆಯ್ಕೆ ಆಗಲೇ ಗಟ್ಟಿಯಾಗಿತ್ತು. ನಲವತ್ತಾರರಲ್ಲಿ ಯಾರೂ ಇರಲಿಲ್ಲ. ಹಳಿಂಗಳಿ ಸರ್ ಗಂಗಿಗೆ ಒಂದಿಷ್ಟು ಇಳಿಸಿಕೋ, ಬಸ್ಸಿನಲ್ಲಿ ನಿನ್ನದೊಂದು ಸೀಟು ಎಂದರು. ಅಂಗಿ ಒಳಗೆ ಸೇರಿಸಿಕೋ ಎನ್ನುವಷ್ಟು ಸಲೀಸಾಗಿ ಅಂದರು. ಉಣ್ಣಬೇಡ ಎಂದು ಅವರು ಹೇಳಲಿಲ್ಲ. ಏನು ಉಣ್ಣಬೇಕೆಂದೂ ಹೇಳಲಿಲ್ಲ. ಮನೆಗೆ ಒಯ್ದು ದಿನಾ ನೋಡಿಕೊಳ್ಳಲಿ ಎಂದು ನನ್ನನ್ನು ಅವಳ ಕೈಗೆ ಕೊಟ್ಟರು. ಗಂಗಿ ಆ ಬಸ್ಸಿಗಾಗಿ ಏನು ಬೇಕಾದರೂ ಮಾಡುವವಳಿದ್ದಳು. ಊರು ದಾಟಿ ಒಂದು ರಾತ್ರಿಯೂ ಬೇರೆಡೆ ಉಳಿದವಳಲ್ಲ ಅವಳು.

ಸೈಕಲ್ಲಿನ ಕ್ಯಾರಿಯರ್ ಮೇಲೆ ಗೋಣಿಚೀಲದಲ್ಲಿ ಕುಲುಕುತ್ತ ಅವಳ ಮನೆಗೆ ಹೋದೆ. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಚೀಲ ಹೊರುವವನು. ಅವ್ವ ಕಲ್ಲವ್ವ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುವವಳು. ನಾನು ಮಂಚದ ಕೆಳಗೆ. ಬೆಳಕು ಹರಿಯುವ ಮೊದಲೇ ಪಟಪಟ ಸದ್ದು ಶುರುವಾಗುತ್ತಿತ್ತು. ಜೋಳದ ಹಿಟ್ಟಿನ ಹಬೆ ಮನೆಯೆಲ್ಲ ತುಂಬುತ್ತಿತ್ತು. ಇಡೀ ಓಣಿಯಲ್ಲಿ ಅಷ್ಟು ರೊಟ್ಟಿ ಇದ್ದ ಮನೆ ಇನ್ನೊಂದಿರಲಿಲ್ಲ.

ಅಂಥ ಮನೆಯಲ್ಲಿ ಉಣ್ಣದೆ ಇರುವುದು ಹೇಗೆ? ಊಟ ಬೇಡವೆಂದರೆ ಕಲ್ಲವ್ವ ಹಣೆ ಮುಟ್ಟಿ ನೋಡುತ್ತಿದ್ದಳು, ಬೈಯುತ್ತಿದ್ದಳು, ಬಾಯಿಗೆ ತುರುಕುತ್ತಿದ್ದಳು. ಗಂಗಿ ಒಂದು ದಾರಿ ಕಂಡುಕೊಂಡಳು. ಸೋಮವಾರ ಹಿಡಿಯುತ್ತೇನೆ ಎಂದಳು. ಈ ಸೀಮೆಯಲ್ಲಿ ಉಪವಾಸದ ವಾರ ಹಿಡಿದವರನ್ನು ಉಣ್ಣು ಎಂದು ಒತ್ತಾಯ ಮಾಡುವವರಿಲ್ಲ, ಒತ್ತಾಯ ಮಾಡಿದವರಿಗೇ ಪಾಪ. ಅವ್ವನಿಗೆ ಖುಷಿಯೋ ಖುಷಿ. ಸೋಮವಾರ ಮಲ್ಲಯ್ಯನದು. ಮುಂದೆ ಮಂಗಳವಾರ ಎಲ್ಲಮ್ಮನದು. ಶನಿವಾರ ಹಣಮಪ್ಪನದು, ಕುಸ್ತಿಯವರು ಅವನನ್ನು ಬಿಡಲಿಕ್ಕಾಗುತ್ತದೆಯೇ. ಶುಕ್ರವಾರ ಲಕ್ಷ್ಮಿ, ಗುರುವಾರ ರಾಯರು. ಬುಧವಾರಕ್ಕೆ ಪಂಢರಪುರದ ವಿಠ್ಠಲ ಸಿಕ್ಕಿದ. ವಾರ ಹಿಡಿದವರು ಸಂಜೆ ಫಳಾರ ಮಾಡುತ್ತಾರೆ, ಸಾಬೂದಾಣಿ, ಬಾಳೆಹಣ್ಣು, ಶೇಂಗಾ. ಗಂಗಿ ತಟ್ಟೆ ಹಿಡಿದು ಹಿತ್ತಲಿಗೆ ಹೋಗುತ್ತಿದ್ದಳು. ಪಕ್ಕದ ಮನೆಯ ಮೇಕೆ ದಿನದಿನಕ್ಕೆ ಮೈತುಂಬಿಕೊಂಡಿತು.

ಓಣಿಯ ಹೆಂಗಸರು ತಮ್ಮ ಹೆಣ್ಣುಮಕ್ಕಳಿಗೆ ಗಂಗಿಯನ್ನು ತೋರಿಸಿ ಕಲಿಯಿರಿ ಎನ್ನತೊಡಗಿದರು. ಅಷ್ಟರಲ್ಲಿ ಅವಳ ತಿಂಗಳ ಮುಟ್ಟು ನಿಂತಿತು. ಕಲ್ಲವ್ವನಿಗೆ ಅದೂ ದೇವರ ದಯೆಯಾಗಿ ಕಂಡಿತು. ಹೊರಗಾಗಿ ವಾರ ಕೆಡಬಾರದೆಂದು ದೇವರೇ ತಡೆದಿದ್ದಾನೆ ಎಂದು ಪಕ್ಕದ ಮನೆಯವಳಿಗೆ ಹೇಳುತ್ತಿದ್ದುದನ್ನು ಮಂಚದ ಕೆಳಗಿನಿಂದ ಕೇಳಿದೆ. ಕೂಗಬೇಕೆನಿಸಿತು. ನನಗಿರುವುದು ಒಂದು ಮುಳ್ಳು. ಅದು ಕೂಗುವುದಿಲ್ಲ.

ಆ ಮುಳ್ಳು ಮೊದಮೊದಲು ಬೇಗ ಇಳಿಯಿತು, ಆಮೇಲೆ ಹಟ ಹಿಡಿಯಿತು. ಗಂಗಿಯೂ ಹಟ ಹಿಡಿದಳು. ಎದ್ದ ಕೂಡಲೇ ಹತ್ತುವಳು, ಬಹಿರ್ದೆಸೆಗೆ ಹೋಗಿ ಬಂದು ಹತ್ತುವಳು, ಬಾಯಲ್ಲಿ ನೀರೂರಲೆಂದು ಹುಣಸೆಹಣ್ಣು ಅಗಿದು, ಊರಿದ್ದನ್ನೆಲ್ಲ ಉಗುಳಿ ಹತ್ತುವಳು. ಕಾಲ್ಗೆಜ್ಜೆ ಬಿಚ್ಚಿಟ್ಟಳು. ಒಮ್ಮೆ ಉಗುರು ಕತ್ತರಿಸಿಕೊಂಡು ಬಂದು ನಿಂತಳು. ನೆಲ ಹಿಡಿಯುತ್ತಿದ್ದ ಬೆರಳುಗಳು ಈಗ ತಣ್ಣಗಿದ್ದವು, ನನ್ನ ರಬ್ಬರಿನ ಮೇಲೆ ಸಣ್ಣಗೆ ನಡುಗುತ್ತಿದ್ದವು. ಮುಳ್ಳು ಒಂದು ಕಡೆ ನಿಲ್ಲಲಾರದೆ ಒದ್ದಾಡುತ್ತಿತ್ತು. ಹೋಗಿದ್ದು ನೀರೋ, ರಕ್ತವೋ, ತೋಳಿನ ಕಸುವೋ, ನನಗೆ ತಿಳಿಯುವ ಬಗೆಯಿರಲಿಲ್ಲ. ಕಡಿಮೆಯಾಗಿದೆ ಎಂದೆ. ಅವಳು ನಕ್ಕಳು.

ಕೊನೆಗೆ ಮತ್ತೆ ಗೋಣಿಚೀಲ, ಮತ್ತೆ ಸೈಕಲ್ಲು. ಗಂಗಿ ಎರಡು ಸಲ ಇಳಿದು ದೂಡಿಕೊಂಡು ನಡೆದಳು. ಆಟದ ಕೋಣೆಯಲ್ಲಿ ಎಲ್ಲರೆದುರು ನನ್ನ ಮೇಲೆ ನಿಂತಳು. ನಲವತ್ತಾರಕ್ಕೆ ಕೂದಲೆಳೆಯಷ್ಟು ಕಡಿಮೆ. ಹಳಿಂಗಳಿ ಸರ್ ಚಪ್ಪಾಳೆ ತಟ್ಟಿದರು. ಆ ಖುಷಿಯಲ್ಲೇ, ರೇಷ್ಮಾಳನ್ನು ಎತ್ತಿ ಹಾಕು, ಹೊಸ ಹುಡುಗಿಯರು ನೋಡಲಿ ಎಂದರು. ದಿನಾ ಹೊತ್ತು ತಿರುಗಿದ ಹುಡುಗಿ ತಾನೇ. ಗಂಗಿ ಮ್ಯಾಟಿಗೆ ಹೋಗಿ ಬಗ್ಗಿ ಅವಳ ನಡುವಿಗೆ ಕೈ ಹಾಕಿದಳು. ರೇಷ್ಮಾ ಅಲುಗಲಿಲ್ಲ. ಗಂಗಿ ಇನ್ನೊಮ್ಮೆ ಉಸಿರೆಳೆದುಕೊಂಡಳು. ಅವಳ ಮೊಣಕಾಲುಗಳು ಒದ್ದೆ ಬಟ್ಟೆಯ ಹಾಗೆ ಮಡಚಿಕೊಂಡವು. ಬಿದ್ದಳು.

ಸರ್ ಓಡಿಹೋಗಿ ಸಕ್ಕರೆ ನೀರು ತಂದರು. ಗಂಗಿಯ ತಲೆ ರೇಷ್ಮಾಳ ತೊಡೆಯ ಮೇಲಿತ್ತು. ಲೋಟ ತುಟಿಗೆ ಬಂದಾಗ ಅವಳು ಮುಖ ತಿರುಗಿಸಿದಳು.

"ಇದನ್ನ ಕುಡದ್ರ ತೂಕ ಏರತೈತೇನ್ರಿ ಸರ?"

ಹಳಿಂಗಳಿ ಸರ್ ಲೋಟ ನೆಲಕ್ಕಿಟ್ಟರು. ಏನಾದರೂ ತಿಂದಿದ್ದಾಳೋ ಇಲ್ಲವೋ ಎಂದು ರೇಷ್ಮಾಳನ್ನು ಕೇಳಿದರು. ವಾರವೆಲ್ಲ ಉಪವಾಸ, ಉಳಿದಿದ್ದ ಭಾನುವಾರವನ್ನೂ ಮೈಲಾರಲಿಂಗನಿಗೆ ಬರೆದುಕೊಟ್ಟು ಆಗಿದೆ ಎಂದಳು ರೇಷ್ಮಾ. ಬಿಸಿಯೂಟದ ಸಾಲಿನಲ್ಲಿ ಇಷ್ಟು ದಿನ ಅವಳು ಗಂಗಿಯನ್ನು ಗುಡಿಯ ಗುರವ್ವ ಎಂದು ಛೇಡಿಸಿದ್ದಳಂತೆ, ಯಾವ ದೇವರನ್ನೂ ಬಿಡಲಿಲ್ಲ ನೀನು ಎಂದು ನಕ್ಕಿದ್ದಳಂತೆ. ಈಗ ನಗಲಿಲ್ಲ. ಗೆಳತಿಯ ಮುಖದ ಮೇಲೆ ಬಗ್ಗಿ ಕೇಳಿದಳು.

"ನಮ್ಮ ರೋಜಾ ಸುದ್ದಾ ಸಂಜಿಕ ಬಿಡತೈತಿ. ನಿಂದು ಯಾವಾಗ ಬಿಡತೈತಿ ಹೇಳ ನನಗ."

ಕಲ್ಲವ್ವನಿಗೆ ಹೇಳಿಕಳಿಸಿದರು. ಕೈಯ ಹಿಟ್ಟನ್ನೂ ತೊಳೆಯದೆ ಬಂದಳು. ಕೋಣೆಯ ಹೊಸ್ತಿಲಲ್ಲಿ ಕೂತು, ಸರ್ ಹೇಳಿದ್ದನ್ನೆಲ್ಲ ಕೇಳಿ, ನಂಬದೆ ಮಗಳ ಕಡೆ ನೋಡಿದಳು. ದೇವರಿಗೆ ನಡೆದುಕೊಂಡವರಿಗೆ ಹೀಗಾಗುವುದಿಲ್ಲ, ಎಲ್ಲೋ ಮೈಲಿಗೆಯಾಗಿರಬೇಕು ಎಂದಳು. ಗಂಗಿ ಗೋಡೆಗೆ ಒರಗಿದ್ದಳು. ನನ್ನತ್ತ ಬೆರಳು ಮಾಡಿದಳು.

"ಯಾವ ದೇವರಿಗೂ ಹಿಡದಿಲ್ಲ ಬೇ. ಅದರ ಮುಳ್ಳಿಗೆ ಹಿಡದೀನಿ."

ಕಲ್ಲವ್ವ ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ. ನನ್ನನ್ನು ನೋಡಿದಳು. ಮಂಚದ ಕೆಳಗೆ ಕಸ ಹೊಡೆಯುವಾಗಲೆಲ್ಲ ಇದು ಶಾಲೆಯ ಸಾಮಾನು ಎಂದು ಒರೆಸಿಟ್ಟಿದ್ದವಳು ಅವಳೇ. ಈಗ ಮೊದಲ ಸಲ ನೋಡುವವಳಂತೆ ನೋಡಿದಳು. ಮೇಷ್ಟ್ರು ಏನೋ ಸಮಾಧಾನ ಹೇಳಲು ಹೋದರು, ನಾಳೆಯಿಂದ ಉಣ್ಣುತ್ತಾಳೆ ಬಿಡಿ ಎಂದರು. ಕಲ್ಲವ್ವ ತಲೆಯಾಡಿಸಿದಳು. ಹಿಡಿದ ವಾರವನ್ನು ಹಾಗೆ ನಡುವೆ ಬಿಡಲು ಬರುವುದಿಲ್ಲ, ಶಾಸ್ತ್ರ ಮಾಡಿ ಬಿಡಿಸಬೇಕು, ಇಲ್ಲದಿದ್ದರೆ ಅದು ಹುಡುಗಿಯನ್ನು ಬಿಡುವುದಿಲ್ಲ ಎಂದಳು. ಸರ್‌ಗೆ ಅರ್ಥವಾಗಲಿಲ್ಲ. ಅವಳ ಮಾತು ಸರಿಯಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಮರುದಿನ ತಲೆಯ ಮೇಲೆ ಬುಟ್ಟಿ ಹೊತ್ತು ಬಂದಳು. ನನ್ನನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಗಾಜಿನ ಮೇಲೆ ವಿಭೂತಿ ಎಳೆದಳು, ಕುಂಕುಮ ಇಟ್ಟಳು, ಊದುಬತ್ತಿ ಹಚ್ಚಿದಳು. ದಸರೆಯಲ್ಲಿ ಕುಡುಗೋಲಿಗೂ ಮಿಷನ್ನಿಗೂ ಪೂಜೆ ಮಾಡುವ ಜನ ಇವರು. ಆದರೂ ಬಾಗಿಲಲ್ಲಿ ನಿಂತ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆದುಕೊಂಡರು.

"ನೀ ಹಿಡದದ್ದು ಇದಕ್ಕ ಅಂದಿ," ಎಂದಳು ಕಲ್ಲವ್ವ ಮಗಳಿಗೆ. "ಬಿಡಸೂದೂ ಇದರ ಮುಂದ."

ನನ್ನ ಬೆನ್ನಿನ ಮೇಲೆ ಬಾಳೆಲೆ ಹಾಸಿ ಎಡೆ ಇಟ್ಟಳು. ರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು, ಒಂದು ಹೋಳಿಗೆ. ನನ್ನ ಮುಳ್ಳು ಸೊನ್ನೆಯಿಂದ ತುಸು ಎದ್ದಿತು. ಅಷ್ಟು ವರ್ಷ ಮನುಷ್ಯರನ್ನು ಹೊತ್ತ ನಾನು ಅವರ ಊಟವನ್ನಷ್ಟೇ ಹೊತ್ತದ್ದು ಅಂದೇ. ಬೆಚ್ಚಗಿತ್ತು. ಎಷ್ಟು ಹಗುರವಾಗಿತ್ತೆಂದರೆ ನನಗೆ ಸಂಕಟವಾಯಿತು. ಇಷ್ಟಕ್ಕಾಗಿ ಆ ಹುಡುಗಿ ಅಷ್ಟೆಲ್ಲ ನಡುಗಿದ್ದಳೇ?

ಕಲ್ಲವ್ವ ಮಗಳಿಂದ ಕೈಮುಗಿಸಿದಳು, ಎಡೆ ಎತ್ತಿ ಅವಳ ಮುಂದಿಟ್ಟಳು. ಗಂಗಿ ಒಂದು ತುತ್ತು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. ನುಂಗುವಾಗ ಕಣ್ಣು ಬಿಗಿಯಾಗಿ ಮುಚ್ಚಿದಳು. ಅರ್ಧ ರೊಟ್ಟಿಗೆ ಸಾಕಾಯಿತು. ಅವ್ವ ಇನ್ನೊಂದು ತುತ್ತು ಉಣ್ಣು ಎನ್ನಲಿಲ್ಲ. ಉಳಿದುದನ್ನು ರೇಷ್ಮಾ ಮತ್ತು ಹಳಿಂಗಳಿ ಸರ್ ಹಂಚಿಕೊಂಡು ಪ್ರಸಾದವೆಂದು ತಿಂದರು. ಸರ್ ತಲೆ ಎತ್ತದೆ ತಿಂದರು.

ಬಾಗಲಕೋಟೆಯ ಬಸ್ಸು ಗಂಗಿಯನ್ನು ಬಿಟ್ಟು ಹೋಯಿತು. ಅವಳು ಗೇಟಿನ ತನಕ ಹೋಗಿ ರೇಷ್ಮಾಳಿಗೆ ಕೈಬೀಸಿ, ಆಟದ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು. ನನ್ನ ಮೇಲೆ ಹತ್ತಲಿಲ್ಲ. ಆಸ್ಪತ್ರೆಯ ಗುಳಿಗೆ, ಅವ್ವನ ಕಾವಲು, ಅಡುಗೆಮನೆಯಿಂದ ಮೇಷ್ಟ್ರು ದಿನಾ ಕೇಳಿ ಕೊಡಿಸುತ್ತಿದ್ದ ಎರಡನೆಯ ಸೌಟು ಬೇಳೆ, ಇವುಗಳ ನಡುವೆ ತಿಂಗಳುಗಳು ಉರುಳಿದವು. ಕೆಲವು ದಿನ ಉಣ್ಣುತ್ತಿದ್ದಳು. ಕೆಲವು ದಿನ ತಟ್ಟೆಯ ಮುಂದೆ ಕೂತು ಬೆರಳಾಡಿಸುತ್ತಿದ್ದಳಂತೆ. ಹಳಿಂಗಳಿ ಸರ್ ಈಗ ನನ್ನ ಮೇಲೆ ಹತ್ತಿದ ಹುಡುಗಿಯರನ್ನೆಲ್ಲ ಅಂಕಿ ಓದುವ ಮೊದಲು ಬೆಳಗ್ಗೆ ಏನು ತಿಂದೆ ಎಂದು ಕೇಳುತ್ತಿದ್ದರು. ಹುಡುಗಿಯರು ಸುಳ್ಳು ಹೇಳುತ್ತಿದ್ದರು. ಅವರು ಮತ್ತೆ ಕೇಳುತ್ತಿದ್ದರು.

ನನಗೀಗ ವಯಸ್ಸಾಗಿದೆ. ಒಂದು ಸ್ಪ್ರಿಂಗು ಸಡಿಲವಾಗಿ, ಯಾರೂ ಹತ್ತದಿದ್ದರೂ ಮುಳ್ಳು ತಾನೇ ಅತ್ತಿತ್ತ ಓಡಾಡುತ್ತದೆ. ಬಿಸಿಯೂಟದ ಉಗ್ರಾಣದಲ್ಲಿ, ಅಕ್ಕಿ ಚೀಲಗಳ ಹಿಂದೆ, ಗೋಡೆಗೆ ಆನಿಸಿ ಇಟ್ಟಿದ್ದಾರೆ. ಹೊರಗೆ ತಟ್ಟೆಗಳ ಸದ್ದು. ಪ್ರತಿ ಮಧ್ಯಾಹ್ನ ಯಾವುದೋ ಒಂದು ತಟ್ಟೆಯ ಸದ್ದು ಬೇಗ ನಿಂತುಹೋದ ಹಾಗೆ ಕೇಳುತ್ತದೆ. ಯಾರದು, ಉಂಡಳೇ, ಚೆಲ್ಲಿದಳೇ? ನನಗೆ ನೆಮ್ಮದಿಯಿಲ್ಲ.

ಗಂಗಿ ಕೊನೆಯ ಸಲ ನನ್ನ ಮೇಲೆ ನಿಂತದ್ದು ಹತ್ತನೆಯ ತರಗತಿಯಲ್ಲಿ, ಮರುವರ್ಷದ ತಂಡ ಆರಿಸುವಾಗ. ಸಾಲಿನಲ್ಲಿ ಬಂದಳು, ಚಪ್ಪಲಿ ಬಿಟ್ಟಳು, ಹತ್ತುವ ಮೊದಲು ತಿರುಗಿಕೊಂಡಳು. ನನ್ನ ಗಾಜಿನ ಕಡೆ ಅವಳ ಹಿಮ್ಮಡಿಗಳು, ಮುಖ ಬಾಗಿಲ ಕಡೆ. ಹಾಗೆ ನಿಂತವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹಳಿಂಗಳಿ ಸರ್ ಬಗ್ಗಿ ಅಂಕಿ ನೋಡಿ ಬಾಯಿ ತೆರೆದರು.

"ಅದನ್ನ ಹೇಳಬ್ಯಾಡ್ರಿ ಸರ," ಎಂದಳು. "ಯಾವ ಗಟದಾಗ ಬರತೀನಿ, ಅಷ್ಟ ಹೇಳ್ರಿ. ಅದರಾಗ ಆಡತೀನಿ."

ಸರ್ ಗಟದ ಹೆಸರು ಹೇಳಿದರು. ಅವಳು ಇಳಿದು, ಚಪ್ಪಲಿ ಮೆಟ್ಟಿಕೊಂಡು, ಊಟದ ಸಾಲಿಗೆ ಹೋದಳು. ಅಂದು ಅವಳು ಎಷ್ಟಿದ್ದಳೆಂದು ನೋಡಿದವರು ನಾವಿಬ್ಬರೇ. ಮೇಷ್ಟ್ರು ಮರೆತಿರಬಹುದು. ನನಗೆ ಚೆನ್ನಾಗಿ ನೆನಪಿದೆ. ಹೇಳುವುದಿಲ್ಲ.