ನಿಲ್ಲದೆ ನಡೆದವರ ಬೀದಿ

ಕಂಡಕ್ಟರ್ ನಿವೃತ್ತರಾಗಿ ಹದಿನಾಲ್ಕು ವರ್ಷವಾಗಿದ್ದರೂ ಬೀದಿಯ ಪಾಲಿಗೆ ಅವರು ಈಗಲೂ ಕಂಡಕ್ಟರೇ. ಅವರ ಮನೆ ಏರುಬೀದಿಯ ಕೆಳತುದಿಯಲ್ಲಿ, ಅಕ್ಕನ ಮನೆ ಅದೇ ಬೀದಿಯ ಮೇಲ್ತುದಿಯಲ್ಲಿ. ನಡುವೆ ಇರುವುದು ಬರೀ ಆರುನೂರು ಹೆಜ್ಜೆ. ಆದರೆ ಎಪ್ಪತ್ತೆರಡರ ತಮ್ಮನ ಮಂಡಿಗಳೂ ಎಂಬತ್ತೊಂದರ ಅಕ್ಕನ ಮಂಡಿಗಳೂ ಸೇರಿ ಮುಷ್ಕರ ಹೂಡಿದ್ದವು. ದಾರಿಯುದ್ದಕ್ಕೂ ಕೂತು ಸುಧಾರಿಸಿಕೊಳ್ಳಲು ಒಂದು ಕಲ್ಲೂ ಇರಲಿಲ್ಲ. ಇಷ್ಟು ದೂರಕ್ಕೆ ಗಾಡಿ ಕರೆದರೆ ಡ್ರೈವರ್ ನಗುತ್ತಾನೆ. ಹೀಗಾಗಿ ಒಂದೇ ಬೀದಿಯ ಅಕ್ಕ ತಮ್ಮ ಮೂರು ತಿಂಗಳಿನಿಂದ ಫೋನಿನಲ್ಲೇ ಮಾತಾಡಿಕೊಂಡಿದ್ದರು.

ನಗರಸಭೆಯವರು ವಯಸ್ಸಾದವರ ಅನುಕೂಲಕ್ಕೆ ಬೆಂಚು ಹಾಕಿಸುತ್ತಾರಂತೆ ಎಂಬ ಸುದ್ದಿ ಬಂದಾಗ ಕಂಡಕ್ಟರ್ ಕುಣಿಯಲಿಲ್ಲ ಅಷ್ಟೇ. ಅದಕ್ಕೂ ಮಂಡಿಯೇ ಅಡ್ಡ ಬಂತು. ನಗರಸಭೆಯ ಇಂಜಿನಿಯರ್ ಹುಡುಗಿಯ ಲೆಕ್ಕಾಚಾರ ಸರಳವಾಗಿತ್ತು. ಬುಧವಾರ ಬೆಳಿಗ್ಗೆ ಹಿರಿಯರೆಲ್ಲ ಎಂದಿನಂತೆ ಬೀದಿ ಹತ್ತಬೇಕು, ಅವಳು ಹಿಂದೆ ಬರುತ್ತಾಳೆ. ಅವರು ಎಲ್ಲಿ ನಿಂತು ದಣಿವಾರಿಸಿಕೊಳ್ಳುತ್ತಾರೋ ಅಲ್ಲಿ ಸೀಮೆಸುಣ್ಣದ ಗುರುತು, ಗುರುತಿದ್ದಲ್ಲಿ ಬೆಂಚು. ಶುಕ್ರವಾರ ಸಂಜೆಯೊಳಗೆ ಪಟ್ಟಿ ಕಚೇರಿ ಸೇರಬೇಕು. ಬೇಡದ ಬೀದಿಯ ಬೆಂಚುಗಳು ಬೇರೆ ಬೀದಿಗೆ ಹೋಗುತ್ತವೆ.

ಬುಧವಾರ ಬಂದವರನ್ನು ನೋಡಬೇಕಿತ್ತು! ನಿವೃತ್ತ ಪೋಸ್ಟ್‌ಮ್ಯಾನ್ ತಲೆಗೆ ಬಣ್ಣ ಹಚ್ಚಿ, ಬೂಟಿಗೆ ಪಾಲಿಶ್ ಹೊಡೆದು ಬಂದಿದ್ದರು. ಟೀಚರಮ್ಮ ಇಸ್ತ್ರಿ ಸೀರೆಯಲ್ಲಿದ್ದರು. ನಮ್ಮ ಕಂಡಕ್ಟರೇನು ಕಡಿಮೆಯೇ? ಊರುಗೋಲನ್ನು ಬಾಗಿಲ ಹಿಂದೆ ಬಿಟ್ಟು ಬಂದಿದ್ದರು.

ಎರಡನೇ ದೀಪದ ಕಂಬದ ಹತ್ತಿರ ನಿಂತೇ ಬಿಡಬೇಕೆಂದು ಅವರು ರಾತ್ರಿಯೇ ತೀರ್ಮಾನಿಸಿದ್ದರು. ಕಂಬ ಬಂತು. ಅಷ್ಟರಲ್ಲಿ ಮುಂದಿದ್ದ ಪೋಸ್ಟ್‌ಮ್ಯಾನ್ ಹಿಂತಿರುಗಿ, "ಯಾಕ್ರೀ ಕಂಡಕ್ಟರೇ, ಇಲ್ಲೇ ಇಳೀತೀರಾ?" ಅಂದರು.

"ನಾನಾ? ನೀವು ದಾರಿ ಬಿಡಿ ಸ್ವಾಮಿ, ಅಡ್ಡ ಇದ್ದೀರಿ."

ಅಲ್ಲಿಗೆ ಕೆಲಸ ಕೆಟ್ಟಿತು. ಒಬ್ಬರಿಗಿಂತ ಒಬ್ಬರು ಬಿರುಸಾಗಿ ಹತ್ತಿದರು. ಸೀಮೆಸುಣ್ಣ ಡಬ್ಬಿಯಿಂದ ಹೊರಗೇ ಬರಲಿಲ್ಲ. ಮೇಲೆ ಮುಟ್ಟಿದಾಗ ಹುಡುಗಿ ಕಣ್ಣರಳಿಸಿ, "ಭೇಷ್! ನಿಮ್ಮ ಬೀದಿಗೆ ಬೆಂಚೇ ಬೇಡ!" ಅಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ತಟ್ಟಿದ್ದು ಯಾತಕ್ಕೆಂದು ಅರ್ಥವಾದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಕ್ಕ ಗೇಟಿನಲ್ಲಿ ನಿಂತಿದ್ದಳು. ಕಂಡಕ್ಟರ್ ಬಾಯಿ ತೆರೆದರು. ಉಸಿರಿದ್ದರೆ ತಾನೆ ಮಾತು? ಏದುಸಿರು ಅಕ್ಕನಿಗೆ ಗೊತ್ತಾಗದಿರಲೆಂದು ದೂರದಿಂದಲೇ ಕೈಬೀಸಿ, ಮೇಲೆ ಕಾದಿದ್ದ ನಗರಸಭೆಯ ಜೀಪು ಹತ್ತಿ ಕೆಳಗಿಳಿದರು. ಸಂಜೆ ಫೋನು ಬಂತು.

"ಬಾಗಿಲವರೆಗೂ ಬಂದು ಮಾತಾಡಿಸದೇ ಹೋದೆಯಲ್ಲೋ. ನನ್ನ ಮೇಲೆ ಅಷ್ಟು ಬೇಜಾರಾ?"

"ಇಲ್ಲಕ್ಕ, ಸ್ವಲ್ಪ ಕೆಲಸ ಇತ್ತು."

"ಓ, ಕೆಲಸ," ಎಂದು ಅಕ್ಕ ಫೋನಿಟ್ಟಳು. ಕಂಡಕ್ಟರಿಗೆ ಊದಿದ ಮಂಡಿಗಿಂತ ಅದೇ ಹೆಚ್ಚು ನೋವಾಯಿತು. ಮರುದಿನ ಬೆಳಿಗ್ಗೆ ಮಾನ ಮರ್ಯಾದೆ ಪಕ್ಕಕ್ಕಿಟ್ಟು ಇಂಜಿನಿಯರಿಗೆ ಫೋನು ಹಚ್ಚಿದರು.

"ನಿನ್ನೆ ನಾನು ಸುಳ್ಳು ನಡೆದೆ ತಾಯಿ."

"ಸುಳ್ಳು ಹೇಳೋದು ಗೊತ್ತು. ಸುಳ್ಳು ನಡೆಯೋದು ಹೇಗೆ ಸಾರ್?"

ಅವರು ವಿವರಿಸಿದರು. ಅವಳು ನಕ್ಕಳು, ಆಮೇಲೆ ನಿಟ್ಟುಸಿರಿಟ್ಟಳು. "ಒಬ್ಬರ ಮಾತಿನ ಮೇಲೆ ಕಚೇರಿಯಲ್ಲಿ ಒಪ್ಪಲ್ಲ ಸಾರ್. ಬೇರೆಯವರೂ ಹೇಳ್ತಾರಾ?"

"ಸತ್ತರೂ ಹೇಳಲ್ಲ. ಟಿಕೆಟ್ ತಗೊಳ್ಳದವನು ತಾನಾಗೇ ಹೇಳ್ತಾನೇನಮ್ಮಾ? ಕಿಟಕಿ ಆಚೆ ನೋಡ್ತಾ ಕೂರ್ತಾನೆ. ಆ ನೋಟದಲ್ಲೇ ಹಿಡೀಬೇಕು. ನಾಳೆ ಹತ್ತಕ್ಕೆ ಕಟಿಂಗ್ ಶಾಪಿಗೆ ಬಾ."

ಕಟಿಂಗ್ ಶಾಪು ಬೀದಿಯ ನಟ್ಟನಡುವೆ ಇತ್ತು. ಅದರ ದೊಡ್ಡ ಕನ್ನಡಿಯಲ್ಲಿ ಇಡೀ ಬೀದಿ ಕಾಣುತ್ತಿತ್ತು, ಬೀದಿಯವರಿಗೆ ಮಾತ್ರ ಕೂತವರ ಬೆನ್ನಷ್ಟೇ. ಶುಕ್ರವಾರ ಕಂಡಕ್ಟರ್ ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡು ಕೂತರು. ಪಕ್ಕದ ಕುರ್ಚಿಯಲ್ಲಿ ಇಂಜಿನಿಯರ್.

ಮೊದಲು ಕಂಡವರು ಪೋಸ್ಟ್‌ಮ್ಯಾನ್. ಎರಡನೇ ಕಂಬದ ಹತ್ತಿರ ನಿಂತು ಕೈಗಡಿಯಾರಕ್ಕೆ ಕೀ ಕೊಡತೊಡಗಿದರು. ಕೊಟ್ಟರು, ಕೊಟ್ಟರು, ಕೊಡುತ್ತಲೇ ಇದ್ದರು.

"ಅದು ಬ್ಯಾಟರಿ ವಾಚು," ಎಂದ ಕ್ಷೌರಿಕ, ಕತ್ತರಿ ಒರೆಸುತ್ತ.

ಇಂಜಿನಿಯರ್ ಬರೆದುಕೊಂಡಳು. ಟೀಚರಮ್ಮ ಗೋಡೆಗೆ ಕೈಯಾನಿಸಿ, ಹೋದ ವರ್ಷ ಅಂಟಿಸಿದ್ದ 'ನಾಳೆ ನೀರು ಬರುವುದಿಲ್ಲ' ಎಂಬ ನೋಟೀಸನ್ನು ಮೂರು ಸಲ ಓದಿದರು. ಅದನ್ನೂ ಬರೆದುಕೊಂಡಳು. ಕಂಡಕ್ಟರಿಗೆ ನಗು ತಡೆಯಲಾಗದೆ ನೊರೆ ಮೂಗಿಗೇರಿತು.

ಹನ್ನೊಂದಕ್ಕೆ ಕನ್ನಡಿಯ ಮೇಲಿನ ಮೂಲೆಯಲ್ಲಿ ಅಕ್ಕ ಕಾಣಿಸಿದಳು. ಕೈಯಲ್ಲೊಂದು ಚೀಲ. ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಳಿದಳು. ಮೇಲಿನಿಂದ ಮೂರನೇ ಮನೆಯ ಗೇಟು ಸಿಕ್ಕಿದ ಕೂಡಲೇ ಹಿಡಿದು ನಿಂತಳು. ಬೀದಿಯ ಕೆಳತುದಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹಿಂದಕ್ಕೆ ತಿರುಗಿ ಮನೆಯ ಕಡೆ ಹತ್ತಿ ಹೋದಳು.

"ದಿನಾ ಬರ್ತಾರೆ," ಎಂದ ಕ್ಷೌರಿಕ. "ಅಲ್ಲಿಂದ ಮುಂದಕ್ಕೆ ಆಗಲ್ಲ. ನಿಮಗೆ ಹೇಳಬೇಡ ಅಂದಿದ್ರು."

ಕಂಡಕ್ಟರ್ ಬಟ್ಟೆ ಕಿತ್ತೆಸೆದು, ಅರ್ಧ ಗಡ್ಡದಲ್ಲೇ ಬಾಗಿಲಿಗೆ ಬಂದರು. ಅಷ್ಟರಲ್ಲಿ ಅಕ್ಕ ಮನೆ ಸೇರಿದ್ದಳು. ಅವರ ಕಣ್ಣು ತುಂಬಿ ಬಂತು. ಇಂಜಿನಿಯರ್ ಸೀಮೆಸುಣ್ಣ ಹಿಡಿದು ಮೂರನೇ ಮನೆಯ ಕಡೆಗೆ ಹೊರಟಳು.

ಎರಡು ತಿಂಗಳಿಗೆ ಬೀದಿಯಲ್ಲಿ ನಾಲ್ಕು ಬೆಂಚುಗಳು ಬಂದವು. ಕೈಯೂರಿ ಏಳಲು ಪಕ್ಕದಲ್ಲಿ ಹಿಡಿಕೆ ಇರಲೇಬೇಕೆಂದು ಹಟ ಹಿಡಿದವರು ಕಂಡಕ್ಟರೇ. ಸಿಮೆಂಟು ಒಣಗಿದ ದಿನ ಅವರು ಊರುಗೋಲು ಹಿಡಿದು, ಯಾರು ಬೇಕಾದರೂ ನೋಡಲಿ ಎಂಬಂತೆ ಹೊರಟರು. ಮೊದಲ ಬೆಂಚಿನಲ್ಲಿ ಕೂತರು. ಎರಡನೆಯದರಲ್ಲಿ ಪೋಸ್ಟ್‌ಮ್ಯಾನ್ ಕಾಲು ಚಾಚಿದ್ದರು.

"ನಾನೇನು ಸುಸ್ತಾಗಿ ಕೂತಿಲ್ಲ. ಗಟ್ಟಿಯಾಗಿದೆಯಾ ಅಂತ ನೋಡ್ತಿದ್ದೀನಿ."

"ನೋಡಿ, ನೋಡಿ. ಸ್ವಲ್ಪ ಸರಿದು ನೋಡಿ," ಎಂದು ಕಂಡಕ್ಟರ್ ಪಕ್ಕದಲ್ಲಿ ಕೂತರು. ಮೂರನೆಯದರಲ್ಲೂ ಒಂದು ಗಳಿಗೆ ಕೂತೆದ್ದರು.

ನಾಲ್ಕನೇ ಬೆಂಚು ಆ ಮೂರನೇ ಮನೆಯ ಮುಂದಿತ್ತು. ಅಕ್ಕ ಆಗಲೇ ಬಂದು ಕೂತಿದ್ದಳು. ದೂರದಿಂದಲೇ ಅವಳನ್ನು ಕಂಡು ಕಂಡಕ್ಟರ್ ಕೊನೆಯ ಹೆಜ್ಜೆಗಳನ್ನು ಸ್ವಲ್ಪ ಜೋರಾಗಿಯೇ ಹಾಕಿ ಧೊಪ್ಪನೆ ಪಕ್ಕದಲ್ಲಿ ಕುಸಿದರು.

ಅಕ್ಕ ಮುಖ ಬಿಗಿದುಕೊಂಡೇ ಕೇಳಿದಳು: "ಈಗ ಹೇಳು. ಅವತ್ತು ಬಾಗಿಲಿಗೆ ಬಂದು ಮಾತಾಡದೇ ಹೋದೆಯಲ್ಲ, ಯಾಕೆ?"

ಕಂಡಕ್ಟರ್ ಬಾಯಿ ತೆರೆದರು. ಬಂದದ್ದು ಬರೀ ಏದುಸಿರು. ಒಂದು ಕೈಯನ್ನು ಎದೆಯ ಮೇಲಿಟ್ಟು, ಇನ್ನೊಂದನ್ನು 'ತಡಿ' ಎಂಬಂತೆ ಎತ್ತಿದರು.

ಅಕ್ಕ ಅವರ ಏರಿಳಿಯುವ ಎದೆಯನ್ನು ನೋಡಿದಳು, ಎತ್ತಿದ ಕೈಯನ್ನು ನೋಡಿದಳು. ಬಿಗಿದ ಮುಖ ಮೆಲ್ಲಗೆ ಸಡಿಲವಾಯಿತು.

"ಇದಕ್ಕಾ ಹೋಗಿದ್ದು?"

ಅವರು ತಲೆಯಾಡಿಸಿದರು. ಅಕ್ಕ ನಕ್ಕು, ಆ ಕೈಯನ್ನು ಹಿಡಿದು ತನ್ನ ಮಡಿಲಿಗೆ ಎಳೆದುಕೊಂಡಳು.

"ಕೂತ್ಕೊಳೋ ದಡ್ಡ. ಉಸಿರು ಬರಲಿ, ಆಮೇಲೆ ಮಾತಾಡೋಣ. ಈಗೇನು ಅವಸರ?"